ಫೆಲನಾಪ್ಸಿಸ್ ಕುಂಡಕ್ಕೆ ಇದ್ದಿಲೋ, ತೆಂಗಿನ ಮಟ್ಟೆಯೋ, ಮಾಸೋ? ದಾವಣಗೆರೆ ಹವೆಯಲ್ಲಿ ಹೋಲಿಕೆ

ನರ್ಸರಿಯಿಂದ ಹೂವಿನ ಸಮೇತ ಮನೆಗೆ ಬರುವ ಆರ್ಕಿಡ್ ಹೆಚ್ಚಾಗಿ ಫೆಲನಾಪ್ಸಿಸ್. ಬುಡದಲ್ಲಿ ಇರುವುದು ಮಣ್ಣಲ್ಲ, ಒತ್ತಿ ತುಂಬಿದ ಸ್ಫ್ಯಾಗ್ನಮ್ ಮಾಸ್, ಅಂದರೆ ನೀರು ಹೀರಿಡುವ ಒಂದು ಬಗೆಯ ಒಣ ಹಾವಸೆ. ಅದನ್ನು ಬದಲಿಸಬೇಕು, ಆದರೆ ಹೂವಿರುವಾಗ ಬೇಡ. ಬೇರು ಅಲುಗಿದರೆ ಮೊಗ್ಗು ಉದುರುತ್ತದೆ. ಹೂ ಮುಗಿಯುವವರೆಗೆ ತೂತಿಲ್ಲದ ಅಲಂಕಾರದ ಕುಂಡದಿಂದ ಹೊರಗಿಟ್ಟು, ಬೇರು ಬೆಳ್ಳಗಾದಾಗ ಮಾತ್ರ ನೀರು ಕೊಡಿ. ಬಾಳೆಹಣ್ಣಿನ ಬುಟ್ಟಿ ಪಕ್ಕ ಇಡಬೇಡಿ, ಮಾಗುವ ಹಣ್ಣಿನಿಂದ ಬರುವ ಎಥಿಲೀನ್ ಹೂವನ್ನು ಬಾಡಿಸುತ್ತದೆ. ಬೇರು ಕಂದಾಗಿ, ಹಿಸುಕಿದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಕಾಯಬಾರದು. ಹೂದಂಡು ಕತ್ತರಿಸಿ ಹೂದಾನಿಗೆ ಹಾಕಿ, ಗಿಡ ಉಳಿಸಿಕೊಳ್ಳಿ.

ಇನ್ನು ಯಾವುದನ್ನು ತುಂಬಬೇಕು? ನೋಡಬೇಕಾದದ್ದು ಇಷ್ಟೇ: ಏಪ್ರಿಲ್‌ನಲ್ಲಿ ಎಷ್ಟು ಬೇಗ ಒಣಗುತ್ತದೆ, ಜುಲೈನಲ್ಲಿ ಎಷ್ಟು ದಿನ ಒದ್ದೆ ಉಳಿಯುತ್ತದೆ.

ಇದ್ದಿಲು, ಇಟ್ಟಿಗೆ ಚೂರು, ಪಕ್ಕದಲ್ಲಿ ತೂತಿರುವ ಮಣ್ಣಿನ ಕುಂಡ: ನಮ್ಮ ಕಡೆ ಹಳೆಯ ರೂಢಿ. ಮೋಡ ಕವಿದ ಜುಲೈನಲ್ಲಿ ಇದಕ್ಕೆ ಸಾಟಿಯಿಲ್ಲ, ಬೇರು ಕೊಳೆಯುವುದೇ ಅಪರೂಪ. ಏಪ್ರಿಲ್‌ನಲ್ಲಿ ಕಥೆ ಬೇರೆ. ಬೆಳಿಗ್ಗೆ ಹಾಕಿದ ನೀರು ಸಂಜೆಗೇ ಆರುತ್ತದೆ, ದಿನಕ್ಕೆ ಎರಡು ಸಲ ಹಾಕದಿದ್ದರೆ ಎಲೆ ಸುಕ್ಕಾಗುತ್ತದೆ. ಬೋರ್‌ವೆಲ್ ನೀರಿನ ಉಪ್ಪು ಇಟ್ಟಿಗೆಯಲ್ಲಿ ಬಿಳಿ ಪೊರೆಯಾಗಿ ಕೂತು ಬೇರಿನ ತುದಿ ಕಪ್ಪಾಗುತ್ತದೆ. ಮಳೆನೀರು ಹಿಡಿದಿಡುವವರಿಗೆ ಮಾತ್ರ ಇದು ಸರಿ. ಇದ್ದಿಲು ಇಸ್ತ್ರಿ ಅಂಗಡಿಯವರು ಬಳಸುವ ಕಟ್ಟಿಗೆ ಇದ್ದಿಲೇ ಆಗಬೇಕು. ಅಚ್ಚು ಹಾಕಿದ ಉಂಡೆ ಬೇಡ, ಅದರಲ್ಲಿ ಅಂಟು ಸೇರಿರುತ್ತದೆ.

ತೆಂಗಿನ ಮಟ್ಟೆ (ಗರಿಯದಲ್ಲ, ಕಾಯಿಯ ಮೇಲಿನ ನಾರಿನ ಸಿಪ್ಪೆ): ಒಂದೂವರೆ ಸೆಂ.ಮೀ. ತುಂಡು ಮಾಡಿ ಮೂರು ದಿನ ನೆನೆಸಿ, ದಿನಾ ನೀರು ಬದಲಿಸಬೇಕು. ಮೊದಲ ದಿನದ ನೀರು ಕಡು ಚಹಾದ ಹಾಗಿರುತ್ತದೆ. ಆ ಉಪ್ಪು, ಒಗರು ಹೋಗದಿದ್ದರೆ ಎಳೆಯ ಬೇರು ಸುಡುತ್ತದೆ. ಬಹಳ ಜನ ಎಡವುವುದು ಇಲ್ಲೇ. ಏಪ್ರಿಲ್‌ನಲ್ಲಿ ಎರಡು ಮೂರು ದಿನ ತೇವ ಹಿಡಿಯುತ್ತದೆ, ಜುಲೈನಲ್ಲಿ ವಾರ. ಮೇಲೆ ಒಣಗಿದರೂ ನಡುವೆ ಹಸಿ ಇರುವುದು ಇದರ ಮೋಸ. ಊದುಬತ್ತಿಯ ಖಾಲಿ ಕಡ್ಡಿ ಚುಚ್ಚಿ ತೆಗೆದು ನೋಡಿದರೆ ಗೊತ್ತಾಗುತ್ತದೆ. ಒಂದೂವರೆ ವರ್ಷಕ್ಕೆ ಮೆತ್ತಗಾಗುತ್ತದೆ, ಆಗ ಬದಲಿಸಬೇಕು.

ಮಾಸ್ ದುಬಾರಿ. ಏಪ್ರಿಲ್‌ನಲ್ಲಿ ಆರಾಮ, ಮಳೆಗಾಲದಲ್ಲಿ ಹತ್ತು ದಿನ ಒದ್ದೆ. ಬೇರು ಕಳೆದುಕೊಂಡ ಗಿಡ ಚೇತರಿಸಿಕೊಳ್ಳಲು ಸಡಿಲವಾಗಿ ಸುತ್ತಿ, ಅಷ್ಟಕ್ಕೆ ಸಾಕು.

ನಮ್ಮ ಆಯ್ಕೆ: ಎರಡು ಪಾಲು ಮಟ್ಟೆ, ಒಂದು ಪಾಲು ಇದ್ದಿಲು, ಪಾರದರ್ಶಕ ಪ್ಲಾಸ್ಟಿಕ್ ಕುಂಡ. ಬಿಸಿ ಮಾಡಿದ ಮೊಳೆಯಿಂದ ಪಕ್ಕಕ್ಕೂ ತೂತು ಹಾಕಿ. ಬೇರು ಹಸಿರೋ ಬೆಳ್ಳಗೋ ಹೊರಗಿನಿಂದಲೇ ಕಾಣುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನಲ್ಲ. ಗಾಳಿಗೆ ಕುಂಡ ಬೇಗ ಆರುತ್ತದೆ, ಅಲ್ಲಿ ಮಟ್ಟೆ ಮೂರು ಪಾಲು ಮಾಡಿ.

ಹೊಸ ಬೇರಿನ ಹಸಿರು ತುದಿ ಕಂಡಾಗ ಬದಲಿಸಿ, ಏಪ್ರಿಲ್-ಮೇ ತಪ್ಪಿಸಿ. ಹಳೆ ಮಾಸ್ ಪೂರ್ತಿ ಬಿಡಿಸಿ. ಬುಡದ ನಟ್ಟನಡುವೆ ಪುಟ್ಟ ಜಾಲರಿ ಬುಟ್ಟಿಯೋ ಸ್ಪಂಜೋ ಅಡಗಿರುತ್ತದೆ, ಅದನ್ನೂ ಕತ್ತರಿಸಿ ತೆಗೆಯಿರಿ. ಕತ್ತರಿಯನ್ನು ಬೆಂಕಿಗೆ ಹಿಡಿದು, ಕೊಳೆತದ್ದನ್ನಷ್ಟೇ ಕತ್ತರಿಸಿ. ದಾಲ್ಚಿನ್ನಿ ಪುಡಿ ಗಾಯಕ್ಕೆ ಮಾತ್ರ. ಒಳ್ಳೆಯ ಬೇರಿಗೆ ತಾಗಿದರೆ ಅದನ್ನೂ ಒಣಗಿಸುತ್ತದೆ. ಕುಂಡದ ಅಳತೆ ಬೇರಿನ ಗಾತ್ರಕ್ಕೆ, ಎಲೆಗಲ್ಲ: ಸಾಮಾನ್ಯವಾಗಿ ನಾಲ್ಕೈದು ಇಂಚು. ಗಿಡ ಅಲ್ಲಾಡದಂತೆ ಕಡ್ಡಿಗೆ ಕಟ್ಟಿ, ಎರಡು ಮೂರು ದಿನ ಬಿಟ್ಟು ನೀರು ಹಾಕಿ. ಸುಳಿಯಲ್ಲಿ ನೀರು ನಿಂತರೆ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಸುಳಿ ಕೊಳೆಯುತ್ತದೆ.

ಹೊಸ ಬೇರು ಹಿಡಿದ ಮೇಲೆ ಲೀಟರ್ ನೀರಿಗೆ ಅರ್ಧ ಗ್ರಾಂ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು), ಎರಡು ವಾರಕ್ಕೊಮ್ಮೆ. ತಿಂಗಳಿಗೊಮ್ಮೆ ಬರೀ ನೀರು ಹರಿಸಿ ಉಪ್ಪು ತೊಳೆಯಿರಿ. ಪೂರ್ವದ ಕಿಟಕಿಯ ಎಳೆಬಿಸಿಲು ಸಾಕು.

ಡಿಸೆಂಬರ್-ಜನವರಿಯ ತಂಪು ರಾತ್ರಿಗಳಲ್ಲಿ ಗಿಡವನ್ನು ಕಿಟಕಿ ಹತ್ತಿರವೇ ಬಿಡಿ, ಹೊಸ ಹೂದಂಡು ಹೊರಡುವುದು ಆ ಚಳಿಗೇ. ಎಲೆಸಂದಿಯಿಂದ ಬಂದದ್ದರ ತುದಿ ಗುಂಡಗೆ ಹೊಳೆದರೆ ಬೇರು, ಚಪ್ಪಟೆಯಾಗಿ ಕೊಕ್ಕಿನಂತೆ ಮೇಲಕ್ಕೆ ತಿರುಗಿದ್ದರೆ ದಂಡು.