ದೀಪಾವಳಿಯ ಕೈಕೆಲಸಕ್ಕೆ ಯಾವ ಸಾಮಾನು ಮೇಲು? ಅಂಗಡಿಯ ಫೋಮ್ ಶೀಟು, ಹೊಲದ ಸಿಪ್ಪೆ, ಮನೆಯ ಹತ್ತಿ

ದೀಪಾವಳಿಗೆ ಮುಂಚಿನ ವಾರಗಳಲ್ಲಿ ದಾವಣಗೆರೆಯ ಮಂಡಿಪೇಟೆಯ ಸುತ್ತಮುತ್ತ ಸಿದ್ಧ ಆಕಾಶಬುಟ್ಟಿಗಳೂ ಪ್ಲಾಸ್ಟಿಕ್ ಹೂವಿನ ತೋರಣಗಳೂ ಬಣ್ಣ ಬಳಿದ ಹಣತೆಗಳೂ ರಾಶಿ ಬೀಳುತ್ತವೆ. ಇವನ್ನು ಮನೆಯಲ್ಲಿಯೇ ಮಾಡಿಕೊಳ್ಳುತ್ತೇವೆಂದು ಹೊರಟವರಿಗೂ ಸ್ಟೇಷನರಿ ಅಂಗಡಿಗಳಲ್ಲಿ ಸಾಮಾನಿಗೆ ಕೊರತೆಯಿಲ್ಲ: ಕ್ರೇಪ್ ಕಾಗದ, ಗಾಳಿಪಟದ ಕಾಗದ, ಜಿಲೇಟಿನ್ ಕಾಗದ, ಮಿನುಗುವ ಫೋಮ್ ಶೀಟು, ಉಲ್ಲನ್ ದಾರ, ಐಸ್‌ಕ್ರೀಂ ಕಡ್ಡಿ. ಇವುಗಳಲ್ಲಿ ಹೆಚ್ಚಿನವು ಹತ್ತಿಪ್ಪತ್ತು ರೂಪಾಯಿಯ ಆಸುಪಾಸಿನವೇ ಆದ್ದರಿಂದ ಬೆಲೆಯನ್ನು ನೋಡಿ ಆರಿಸಲು ಬರುವುದಿಲ್ಲ. ಕಳೆದ ಕೆಲವು ಹಬ್ಬಗಳಲ್ಲಿ ನಾನು ಒಂದೇ ವಸ್ತುವನ್ನು ಬೇರೆ ಬೇರೆ ಸಾಮಾನಿನಲ್ಲಿ ಮಾಡಿ, ಅಕ್ಕಪಕ್ಕ ತೂಗುಹಾಕಿ, ಅಮಾವಾಸ್ಯೆಯಿಂದ ಗೌರಿ ಹುಣ್ಣಿಮೆಯವರೆಗಿನ 15 ದಿನ ಯಾವುದು ಹೇಗೆ ಬಾಳುತ್ತದೆಂದು ಗಮನಿಸಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದಾದರೆ, ಆಕಾಶಬುಟ್ಟಿಗೆ ಅಂಗಡಿಯ ಕಾಗದವೇ ಸರಿ; ತೋರಣಕ್ಕೂ ಉಡುಗೊರೆಗೂ ಅಂಗಡಿಗೆ ಹೋಗುವ ಮುನ್ನ ನಮ್ಮ ಸೀಮೆಯ ಹೊಲದಲ್ಲಿ ಏನು ಬಿದ್ದಿದೆಯೆಂದು ನೋಡುವುದು ಲೇಸು.

ಆಕಾಶಬುಟ್ಟಿಯ ಕಷ್ಟವೆಲ್ಲ ಚೌಕಟ್ಟಿನಲ್ಲಿದೆ. ನಾನು ಆರಿಸಿಕೊಂಡದ್ದು ಎಲ್ಲಕ್ಕಿಂತ ಸುಲಭವಾದ ಹಳೆಯ ಆಕಾರವನ್ನು. ಒಂದೇ ಅಳತೆಯ 24 ಕಡ್ಡಿಗಳಿಂದ ಆರು ಚೌಕಗಳನ್ನು ಕಟ್ಟಿ, ಆ ಚೌಕಗಳನ್ನು ಮೂಲೆಗೆ ಮೂಲೆ ಸೇರಿಸಿ 12 ಕಡೆ ಬಿಗಿದರೆ, ನಡುನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಮೂಡಿ ಬುಟ್ಟಿ ನಿಲ್ಲುತ್ತದೆ. ಮೇಲಿನ ಮತ್ತು ಕೆಳಗಿನ ಚೌಕಗಳನ್ನು ತೆರೆದಿಟ್ಟು, ಉಳಿದ ನಾಲ್ಕು ಚೌಕ ಹಾಗೂ ಎಂಟು ತ್ರಿಕೋನಗಳಿಗೆ ಕಾಗದ ಹಚ್ಚಬೇಕು. ಇದನ್ನು ಬಿದಿರಿನ ಕಡ್ಡಿಯಲ್ಲಿ, ಐಸ್‌ಕ್ರೀಂ ಕಡ್ಡಿಯಲ್ಲಿ ಮತ್ತು ಸುರುಳಿ ಸುತ್ತಿದ ವೃತ್ತಪತ್ರಿಕೆಯ ಕೊಳವೆಯಲ್ಲಿ ಮಾಡಿದೆ. ಪತ್ರಿಕೆಯ ಕೊಳವೆಗೆ ಕಾಸಿನ ಖರ್ಚೂ ಇಲ್ಲ, ಮಕ್ಕಳ ಕೈಗೂ ಚುಚ್ಚುವುದಿಲ್ಲ. ಆದರೆ ಬೆಳಗಿನ ಇಬ್ಬನಿಗೆ ಅದು ಮೆತ್ತಗಾಗಿ ಬುಟ್ಟಿ ಒಂದು ಪಕ್ಕಕ್ಕೆ ವಾಲುತ್ತದೆ. ಐಸ್‌ಕ್ರೀಂ ಕಡ್ಡಿಯ ಅಳತೆ ಕರಾರುವಾಕ್ಕಾಗಿರುವುದರಿಂದ ಚೌಕಗಳು ಅಚ್ಚುಕಟ್ಟಾಗಿ ಕೂಡುತ್ತವೆಯಾದರೂ ಅದರಿಂದಾಗುವ ಬುಟ್ಟಿ ಗೇಣುದ್ದವನ್ನೂ ಮೀರದು; ಅದು ದೇವರ ಮನೆಯೊಳಗೆ ಚೆನ್ನ, ಅಂಗಳದಲ್ಲಿ ಕಾಣಿಸುವುದೇ ಇಲ್ಲ. ಬಿದಿರಿನ ಕಡ್ಡಿಯನ್ನು ಬುಟ್ಟಿ ಹೆಣೆಯುವ ಮೇದಾರರಲ್ಲಿ ಕೇಳಿ ತರಬೇಕು. ನಾನು ಹೋದಾಗ ಅಲ್ಲಿದ್ದ ಅಜ್ಜ, "ಹಸಿ ಕಡ್ಡಿ ಒಯ್ಯಬ್ಯಾಡವ್ವ, ಒಣಗಿದ ಮ್ಯಾಲೆ ಗಂಟು ಸಡ್ಲ ಆಗ್ತತಿ" ಎಂದು ಒಣಗಿದ ಕಟ್ಟನ್ನೇ ಹುಡುಕಿ ಕೊಟ್ಟರು. ಹಸಿ ಬಿದಿರು ಒಣಗುತ್ತ ಕುಗ್ಗುವುದರಿಂದ ಅವರ ಮಾತು ಸರಿಯಾದದ್ದೇ. ಒಣಬಿದಿರಿನ ಆ ಚೌಕಟ್ಟಿಗೆ ಪ್ರತಿ ವರ್ಷ ಹೊಸ ಕಾಗದ ಹಚ್ಚಿದರಾಯಿತು, ಚೌಕಟ್ಟು ಹಾಗೆಯೇ ಉಳಿಯುತ್ತದೆ.

ಕಾಗದದ ವಿಷಯದಲ್ಲಿ ಹೆಚ್ಚು ಯೋಚಿಸುವಂತಿಲ್ಲ. ಜಿಲೇಟಿನ್ ಕಾಗದ ಅಂಗಡಿಯಲ್ಲಿ ಕಣ್ಣು ಸೆಳೆಯುತ್ತದೆ, ಆದರೆ ಅದು ಪಾರದರ್ಶಕವಾದ್ದರಿಂದ ದೀಪ ಹಚ್ಚಿದಾಗ ಬುಟ್ಟಿ ಬೆಳಗುವುದಿಲ್ಲ, ಒಳಗಿನ ಬಲ್ಬು ಮತ್ತು ವೈರು ಬೆತ್ತಲಾಗಿ ಕಾಣುತ್ತವೆ. ಕ್ರೇಪ್ ಕಾಗದ ಬೆಳಕನ್ನು ಹರಡುತ್ತದೆ. ಅದರ ತೊಂದರೆಯೆಂದರೆ ಎಳೆದಷ್ಟು ಹಿಗ್ಗುವ ಗುಣ ಮತ್ತು ನೀರು ತಾಗಿದೊಡನೆ ಬಣ್ಣ ಬಿಡುವ ಗುಣ. ಹಿಂಗಾರಿನ ಒಂದು ಹನಿ ಮಳೆ ಬಿದ್ದರೂ ಗೋಡೆಯ ಸುಣ್ಣದ ಮೇಲೆ ಕೆಂಪು ಇಳಿಯುತ್ತದೆ. ಗಾಳಿಪಟದ ಕಾಗದ ಇವೆರಡಕ್ಕಿಂತ ಅಗ್ಗವೂ ಹಗುರವೂ ಆಗಿದ್ದು, ಬೆಳಕನ್ನು ಹಾಲಿನಂತೆ ಸಮವಾಗಿ ಹರಡುತ್ತದೆ. ಹಚ್ಚಿದ ಮೇಲೆ ಹತ್ತಿಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಕಾಗದದ ಮೇಲೆ ಲಘುವಾಗಿ ಸವರಿದರೆ ಒಣಗುವಾಗ ನೆರಿಗೆಗಳೆಲ್ಲ ಹೋಗಿ ಡೋಲಿನ ಚರ್ಮದಷ್ಟು ಬಿಗಿಯಾಗುತ್ತದೆ. ಬಿಳಿ ಮತ್ತು ಹಳದಿ ಕಾಗದಕ್ಕೆ ಇದು ನಿರಾತಂಕ, ಕಡುಗೆಂಪಿಗೆ ಮಾತ್ರ ಮೂಲೆಯಲ್ಲಿ ಪರೀಕ್ಷಿಸಿಕೊಳ್ಳಬೇಕು. ಚಿತ್ರದುರ್ಗದ ನನ್ನ ನಾದಿನಿಯ ಮನೆಯ ಮಾಳಿಗೆಯ ಮೇಲೆ ಇದೇ ಬುಟ್ಟಿಯನ್ನು ಕಟ್ಟಿದಾಗ, ಅಲ್ಲಿಯ ಬಯಲುಗಾಳಿಗೆ ತ್ರಿಕೋನಗಳು ಹರಿಯಲಿಲ್ಲ, ಚೌಕಗಳ ಕಾಗದ ಹರಿಯಿತು. ಅಗಲ ಹೆಚ್ಚಿದ್ದಲ್ಲಿ ನಡುವೆ ಒಂದು ಅಡ್ಡಕಡ್ಡಿ ಕೊಟ್ಟರೆ ಅದು ನಿಲ್ಲುತ್ತದೆ.

ಬಲ್ಬಿನ ಆಯ್ಕೆ ಅಲಂಕಾರದ ಪ್ರಶ್ನೆಯಾಗಿ ಕಂಡರೂ ಅದು ಸುರಕ್ಷತೆಯ ಪ್ರಶ್ನೆ. ಹಳೆಯ 60 ವ್ಯಾಟಿನ ತಂತಿಯ ಬಲ್ಬು ಕಾಗದವನ್ನು ಕಂದಿಸುವಷ್ಟು ಕಾಯುತ್ತದೆ; ಝೀರೋ ಬಲ್ಬೆಂದು ನಾವು ಕರೆಯುವುದು ಕೂಡ 12ರಿಂದ 15 ವ್ಯಾಟ್ ಎಳೆಯುವ ಬಲ್ಬೇ. ಅರ್ಧ ವ್ಯಾಟಿನ ಎಲ್‌ಇಡಿ ಬಲ್ಬು ಇವಕ್ಕಿಂತ ಎಷ್ಟೋ ಕಡಿಮೆ ಕಾಯುತ್ತದೆ, ಗಾಳಿಪಟದ ಕಾಗದದ ಹಿಂದೆ ಅದರ ಬೆಳಕು ಸಾಕಾಗುತ್ತದೆ. ಇನ್ನು ಥರ್ಮಾಕೋಲನ್ನು ನಾನು ಹೋಲಿಕೆಗೇ ತೆಗೆದುಕೊಂಡಿಲ್ಲ. ಅಲಂಕಾರದ ಥರ್ಮಾಕೋಲು 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧಿಸಲಾದ ಒಂದು ಬಾರಿ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿದೆ. ಪ್ಲಾಸ್ಟಿಕ್ ಐಸ್‌ಕ್ರೀಂ ಕಡ್ಡಿಯೂ ಅದೇ ಪಟ್ಟಿಯಲ್ಲಿರುವುದರಿಂದ ಕೊಳ್ಳುವಾಗ ಮರದ ಕಡ್ಡಿಯನ್ನೇ ಕೇಳಬೇಕು.

ಅಂಟುಗಳಲ್ಲಿ ಮೈದಾ ಗಂಜಿ, ಬಿಳಿ ಫೆವಿಕಾಲ್ ಮತ್ತು ಗ್ಲೂ ಗನ್ ಮೂರನ್ನೂ ಬಳಸಿದ್ದೇನೆ. ಕಾಗದವನ್ನು ಬಿದಿರಿಗೆ ಹಚ್ಚಲು ಮೈದಾ ಗಂಜಿಗೆ ಸಮನಾದದ್ದಿಲ್ಲ, ಏಕೆಂದರೆ ಅದು ನಿಧಾನವಾಗಿ ಒಣಗುವುದರಿಂದ ಕಾಗದವನ್ನು ಸರಿಸಿ ಕೂಡಿಸಿಕೊಳ್ಳಲು ಸಮಯ ಸಿಗುತ್ತದೆ. ಅದರ ದೋಷವೆಂದರೆ ಹಬ್ಬ ಮುಗಿದು ಅಟ್ಟ ಸೇರಿದ ಮೇಲೆ ಜಿರಲೆಗಳು ಅದನ್ನು ಹುಡುಕಿಕೊಂಡು ಬರುತ್ತವೆ. ಹಿಂದೆ ಪುಸ್ತಕ ಕಟ್ಟುವವರು ಗಂಜಿಗೆ ಚೂರು ಮೈಲುತುತ್ತ ಬೆರೆಸುತ್ತಿದ್ದುದು ಈ ಕಾರಣಕ್ಕೆ. ಅದು ವಿಷವಾದ್ದರಿಂದ ಮಕ್ಕಳು ಕೈಹಾಕುವ ಕೆಲಸದಲ್ಲಿ ನಾನು ಅದನ್ನು ಸೇರಿಸುವುದಿಲ್ಲ, ಕಾಗದವನ್ನು ಕಿತ್ತು ಚೌಕಟ್ಟನ್ನಷ್ಟೇ ಎತ್ತಿಡುತ್ತೇನೆ. ಫೆವಿಕಾಲ್ ಒಣಗಿದಾಗ ಗುರುತು ಕಾಣದಂತೆ ತಿಳಿಯಾಗುವುದರಿಂದ ರಟ್ಟು ಮತ್ತು ಬಟ್ಟೆಗೆ ಒಳ್ಳೆಯದು. ಗ್ಲೂ ಗನ್ ಕ್ಷಣಾರ್ಧದಲ್ಲಿ ಹಿಡಿಯುತ್ತದೆ, ಆದರೆ ಅದರ ಅಂಟು ನೂರು ಡಿಗ್ರಿಗೂ ಮೀರಿ ಕಾದು ಹೊರಬರುತ್ತದೆ, ಬೆರಳಿಗೆ ತಾಗಿದರೆ ಅಂಟಿಕೊಂಡೇ ಸುಡುತ್ತದೆ. ದೊಡ್ಡವರು ಪಕ್ಕದಲ್ಲಿ ಕುಳಿತಿರುವ ಮನೆಗೆ ಮಾತ್ರ ಅದು ತಕ್ಕದ್ದು.

ನನಗೆ ಹೆಚ್ಚು ಹೇಳಬೇಕಿರುವುದು ತೋರಣದ ಬಗ್ಗೆ. ಬಾಗಿಲಿಗೆ ಮಾವಿನ ತಳಿರು ಕಟ್ಟುವುದಕ್ಕೂ, ಪಾಡ್ಯದ ದಿನ ಸಗಣಿಯಲ್ಲಿ ಮಾಡಿಡುವ ಹಟ್ಟಿ ಲಕ್ಕಮ್ಮನಿಗೆ ಉತ್ತರಾಣಿ ಕಡ್ಡಿ, ಹಸಿ ಚೆಂಡುಹೂ ಸಿಕ್ಕಿಸುವುದಕ್ಕೂ ಬದಲಿಯನ್ನು ಯಾರೂ ಹುಡುಕಬೇಕಾಗಿಲ್ಲ. ಪಡಸಾಲೆ, ಕಿಟಕಿ, ಜಗುಲಿಯ ಕಂಬಗಳಿಗೆ ಬೇಕಾಗುವ ಮಾಲೆಗಳದಷ್ಟೇ ಇಲ್ಲಿಯ ವಿಚಾರ. ಫೋಮ್ ಶೀಟಿನಿಂದ ಕತ್ತರಿಸಿದ ಹೂ ಅರ್ಧ ಗಂಟೆಯಲ್ಲಿ ಮಾಲೆಯಾಗುತ್ತದೆ. ಕತ್ತರಿ ಹಿಡಿಯಲು ಬರುವ ಯಾವ ಮಗುವಾದರೂ ಮಾಡಬಹುದು. ಆದರೆ ಅದರ ಮಿನುಗು ಉದುರಿ ಮನೆಯ ಮೂಲೆಮೂಲೆಗೆ ಹರಡಿ, ಹೋಳಿಗೆಯ ಕಣಕದಲ್ಲಿಯೂ ಕಾಣಿಸಿಕೊಂಡ ಮೇಲೆ ನನಗೆ ಅದರ ಮೇಲಿನ ಮೋಹ ಇಳಿಯಿತು. ಉಲ್ಲನ್ ದಾರದ ಗೊಂಡೆಗಳು ಗಟ್ಟಿಮುಟ್ಟಾದವು, ತೊಳೆದು ಮತ್ತೆ ಕಟ್ಟಬಹುದಾದವು, ಆದರೆ ಒಂದು ಬಾಗಿಲಿಗೆ ಸಾಲುವಷ್ಟು ಮಾಡುವಾಗ ದಾರದ ಖರ್ಚು ಎಣಿಸಿದ್ದಕ್ಕಿಂತ ಮೇಲೇರುತ್ತದೆ. ಕ್ರೇಪ್ ಕಾಗದದ ಚೆಂಡುಹೂ ಮೊದಲ ದಿನ ಇವೆಲ್ಲಕ್ಕಿಂತ ಚೆಲುವಾಗಿದ್ದು, ಬಿಸಿಲು ಬೀಳುವ ಕಡೆ ಹುಣ್ಣಿಮೆಯ ಹೊತ್ತಿಗೆ ಮಾಸಲು ಬಣ್ಣಕ್ಕೆ ಬರುತ್ತದೆ.

ಇವುಗಳ ಜೊತೆ ನಿಲ್ಲಿಸಿದ ನಾಲ್ಕನೆಯ ಸಾಮಾನು ಮೆಕ್ಕೆಜೋಳದ ತೆನೆಯ ಸಿಪ್ಪೆ. ದಾವಣಗೆರೆಯು ರಾಜ್ಯದ ಮೆಕ್ಕೆಜೋಳದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಮುಂಗಾರಿನ ಬೆಳೆ ಕಟಾವಿಗೆ ಬರುವುದೂ ದೀಪಾವಳಿಯ ಆಸುಪಾಸಿನಲ್ಲೇ. ತೆನೆ ಸುಲಿದ ಕಣದಲ್ಲಿ ಸಿಪ್ಪೆ ರಾಶಿಯಾಗಿ ಬಿದ್ದಿರುತ್ತದೆ, ಕೇಳಿದರೆ ಚೀಲ ತುಂಬಿ ಕೊಡುತ್ತಾರೆ. ಹೊರಗಿನ ಎರಡು ಮೂರು ಪದರಗಳು ಒರಟು, ಅವನ್ನು ತೆಗೆದುಹಾಕಬೇಕು. ಒಳಗಿನ ಪದರ ಕೆನೆಯ ಬಣ್ಣದ್ದು, ಉದ್ದಕ್ಕೂ ಸಣ್ಣ ಗೆರೆಗಳಿದ್ದು ಬೆರಳಿಗೆ ರೇಷ್ಮೆಯಂತೆ ಹತ್ತುತ್ತದೆ. ಒಣಗಿದಾಗ ಮುರಿಯುವ ಇದು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆದರೆ ಬಟ್ಟೆಯಂತೆ ಬಗ್ಗುತ್ತದೆ. ಎರಡು ಬೆರಳಗಲದ ಪಟ್ಟಿಯನ್ನು ಉದ್ದಕ್ಕೆ ಮಡಚಿ, ಮಡಿಕೆಯ ಅಂಚನ್ನು ಒತ್ತೊತ್ತಾಗಿ ಕತ್ತರಿಸಿ, ಪೊರಕೆಕಡ್ಡಿಯ ಸುತ್ತ ಸುತ್ತಿ, ಬುಡದಲ್ಲಿ ದಾರ ಬಿಗಿದರೆ ಚೆಂಡುಹೂ ತಯಾರು. ಒದ್ದೆ ಸಿಪ್ಪೆಗೆ ಅಂಟು ಹಿಡಿಯುವುದಿಲ್ಲ, ದಾರವೇ ಆಗಬೇಕು. ಅದೂ ಒಣಗಿದಾಗ ಸಿಪ್ಪೆ ಕುಗ್ಗುವುದನ್ನು ಲೆಕ್ಕಕ್ಕೆ ಹಿಡಿದು ಬಿಗಿಯಾಗಿಯೇ ಕಟ್ಟಬೇಕು.

ಸಿಪ್ಪೆಗೆ ಬಣ್ಣ ಹಾಕಲು ಅರಿಸಿನದ ನೀರನ್ನೂ ಬಟ್ಟೆಯ ಬಣ್ಣದ ಪುಡಿಯನ್ನೂ ಅಕ್ಕಪಕ್ಕ ಬಳಸಿದೆ. ಅರಿಸಿನದಲ್ಲಿ ಕುದಿಸಿದ್ದು ಮೊದಲು ಬಂಗಾರದಂತೆ ಹೊಳೆದರೂ ಬಿಸಿಲಿಗೆ ಬಲುಬೇಗ ಕಳೆಗುಂದುತ್ತದೆ, ಅರಿಸಿನದ ಬಣ್ಣದ ಗುಣವೇ ಅದು. ಸುಣ್ಣ ಬೆರೆಸಿ ಓಕುಳಿಯಂತೆ ಕೆಂಪಾಗಿಸಿದರೂ ಆ ಕೆಂಪು ನಿಲ್ಲುವುದಿಲ್ಲ. ಬಣ್ಣದ ಪುಡಿಯಲ್ಲಿ ಅದ್ದಿದ್ದು ಹುಣ್ಣಿಮೆಯನ್ನೂ ದಾಟಿತು. ಏನೂ ಹಾಕದೆ ಬಿಟ್ಟ ಕೆನೆಬಣ್ಣದ ಹೂಗಳು ನನ್ನ ಕಣ್ಣಿಗೆ ಎಲ್ಲಕ್ಕಿಂತ ಗಂಭೀರವಾಗಿ ಕಂಡವು. ಮನೆಯ ಹಿರಿಯರಿಗೆ ಹಬ್ಬದ ದಿನ ಬಣ್ಣವಿಲ್ಲದ ಮಾಲೆ ರುಚಿಸಲಿಲ್ಲ, ಅದೂ ನ್ಯಾಯವೇ. ಸಿಪ್ಪೆಯ ಹೂವನ್ನು ನೆರಳಿನಲ್ಲಿ ಪೂರ್ತಿ ಒಣಗಿಸದೆ ಡಬ್ಬಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ಅದು ಬೆಂಕಿಗೆ ಕ್ಷಣದಲ್ಲಿ ಆಹುತಿಯಾಗುವ ವಸ್ತುವಾದ್ದರಿಂದ ಹಣತೆಯ ಸಾಲಿನ ಮೇಲೆ, ಪಟಾಕಿ ಹಾರುವ ಅಂಗಳದ ಕಡೆ ಅದನ್ನು ಕಟ್ಟಲೇಬಾರದು. ಇಷ್ಟು ಎಚ್ಚರ ವಹಿಸುವ ಮನೆಗೆ ತೋರಣಕ್ಕೆ ಇದಕ್ಕಿಂತ ಮೇಲಾದ ಸಾಮಾನನ್ನು ನಾನು ಕಂಡಿಲ್ಲ.

ಉಡುಗೊರೆಗಳಲ್ಲಿ ಬಣ್ಣದ ಹಣತೆಯೇ ಎಲ್ಲರಿಗೂ ಮೊದಲು ಹೊಳೆಯುವುದು. ಪೋಸ್ಟರ್ ಬಣ್ಣ ಅಗ್ಗ, ಆದರೆ ಒದ್ದೆ ಕೈ ತಾಗಿದರೆ ಅಳಿಸಿಹೋಗುತ್ತದೆ, ಎಣ್ಣೆ ಜಿನುಗಿದಲ್ಲಿ ಕಲೆಯಾಗುತ್ತದೆ. ಅಕ್ರಿಲಿಕ್ ಬಣ್ಣಕ್ಕೆ ದುಡ್ಡು ತುಸು ಹೆಚ್ಚಾದರೂ ಅದು ಮಣ್ಣಿನ ಮೇಲೆ ಪದರವಾಗಿ ಕೂತು ನಿಲ್ಲುತ್ತದೆ. ಎರಡರಲ್ಲಿ ಯಾವುದನ್ನು ಬಳಸಿದರೂ ಬತ್ತಿ ಕೂರುವ ಮೂತಿಗೆ ಮತ್ತು ಒಳಭಾಗಕ್ಕೆ ಬಣ್ಣ ಹಚ್ಚಬಾರದು; ಉರಿಗೆ ಅದು ಸುಟ್ಟು ವಾಸನೆ ಬರುತ್ತದೆ. ಬಣ್ಣ ಬಳಿಯದ ಹಣತೆಯನ್ನಾದರೆ ಹಚ್ಚುವ ಮುನ್ನ ನೀರಿನಲ್ಲಿ ನೆನೆಸಿ ಒರೆಸಿಕೊಳ್ಳಬಹುದು, ಆಗ ಅದು ಎಣ್ಣೆ ಕುಡಿಯುವುದು ಕಡಿಮೆ. ಪೋಸ್ಟರ್ ಬಣ್ಣದ ಹಣತೆಗೆ ಆ ಅನುಕೂಲವೂ ಇಲ್ಲ. ಕೊಟ್ಟ ಮನೆಗಳಲ್ಲಿ ಬಣ್ಣದ ಹಣತೆಗಳು ಹೆಚ್ಚಾಗಿ ಷೋಕೇಸು ಸೇರುತ್ತವೆ, ಉರಿಯುವುದು ಕೆಂಪು ಮಣ್ಣಿನವೇ.

ಬಟ್ಟೆಯ ಕೈಚೀಲದ ಮೇಲೆ ಅಚ್ಚು ಹಾಕಿ ಕೊಡುವುದು ಇದಕ್ಕಿಂತ ಬಳಕೆಗೆ ಬರುವ ಉಡುಗೊರೆ. ಅಡ್ಡ ಕತ್ತರಿಸಿದ ಬೆಂಡೆಕಾಯಿ ಐದು ಎಸಳಿನ ಹೂವಿನ ಅಚ್ಚಾಗುತ್ತದೆ, ಆಲೂಗಡ್ಡೆಯಲ್ಲಿ ಬೇಕಾದ ಆಕಾರ ಕೆತ್ತಬಹುದು. ಆಲೂಗಡ್ಡೆಯ ಅಚ್ಚು ಸ್ವಚ್ಛ, ಬೆಂಡೆಯದು ಲೋಳೆಯಿಂದಾಗಿ ಅಂಚು ಮಸುಕು, ಆದರೂ ನೋಡಲು ಬೆಂಡೆಯದೇ ಜೀವಂತ. ಹೊಸ ಬಟ್ಟೆಯ ಗಂಜಿಯನ್ನು ಮೊದಲು ಒಗೆದು ತೆಗೆಯಬೇಕು. ಬಣ್ಣ ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಅದು ಒಗೆತಕ್ಕೆ ನಿಲ್ಲುತ್ತದೆ.

ಆದರೂ ಒಂದನ್ನೇ ಆರಿಸು ಎಂದರೆ ನಾನು ಹತ್ತಿಯನ್ನು ಆರಿಸುತ್ತೇನೆ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನಿಂದ ಬರುವ ಉಡುಗೊರೆಗೆ ಅದು ಒಪ್ಪುತ್ತದೆ ಎಂಬುದು ಒಂದು ಮಾತು. ಅದಕ್ಕೆ ಕತ್ತರಿ, ಅಂಟು, ಬಣ್ಣ ಯಾವುದೂ ಬೇಕಾಗಿಲ್ಲ ಎಂಬುದು ದೊಡ್ಡ ಮಾತು. ಬೀಜ ಬಿಡಿಸಿದ ಹತ್ತಿಯನ್ನು ಹಿಂಜಿ, ಬೆರಳಿಗೆ ವಿಭೂತಿ ಮುಟ್ಟಿಸಿಕೊಂಡು ಹೊಸೆದ ಹೂಬತ್ತಿಗಳು ನೂರೊಂದನ್ನು ಒಂದು ಡಬ್ಬಿಗೆ ತುಂಬಿದರೆ ಕಾರ್ತಿಕ ಮಾಸಕ್ಕೆ ಅದಕ್ಕಿಂತ ಉಪಯುಕ್ತವಾದ ಕೊಡುಗೆ ಇರಲಾರದು. ಗೆಜ್ಜೆವಸ್ತ್ರ ಏರಿಸುವ ಪದ್ಧತಿಯಿರುವ ಮನೆಗೆ ಕುಂಕುಮದ ಬೊಟ್ಟಿಟ್ಟ ಒಂದೆರಡು ಎಳೆಗಳನ್ನೂ ಸೇರಿಸಬಹುದು. ಪೇಟೆಯಲ್ಲಿ ಸಿಗುವ ಯಂತ್ರದ ಬತ್ತಿ ನೋಡಲು ಒಂದೇ ಸಮ, ಆದರೆ ನಾನು ಕೊಂಡವು ಬುಡದಲ್ಲಿ ಸಡಿಲವಾಗಿದ್ದು ಎಣ್ಣೆಯಲ್ಲಿ ಮಲಗಿಬಿಡುತ್ತಿದ್ದವು. ಬುಡ ಅಗಲವಾಗಿ ಕೈಯಲ್ಲಿ ಹೊಸೆದದ್ದು ನೆಟ್ಟಗೆ ನಿಂತು ಉರಿಯುತ್ತದೆ.

ಕಟ್ಟಿಕೊಡುವ ಡಬ್ಬಿಗೆ ಹಳೆಯ ಮದುವೆ ಕರೆಯೋಲೆಗಳ ದಪ್ಪ ರಟ್ಟೇ ಸಾಕು. ಅಂಗಡಿಯ ಗಿಫ್ಟ್ ಬಾಕ್ಸಿಗಿಂತ ಅದು ಗಟ್ಟಿ. ಮಿಠಾಯಿ ಡಬ್ಬಿಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯೂ 2022ರ ನಿಷೇಧದೊಳಗೆ ಬರುವುದರಿಂದ, ಮೇಲೆ ಉಳಿದ ಗಾಳಿಪಟದ ಕಾಗದವನ್ನು ಸುತ್ತಿ ಸುತಳಿಯಿಂದ ಕಟ್ಟುತ್ತೇನೆ. ಹತ್ತಿಗೆ ತೇವ ತಾಗದಂತೆ ಡಬ್ಬಿಯ ತಳಕ್ಕೆ ಒಣ ಕಾಗದ ಹಾಸಿ, ಕರ್ಪೂರದ ಒಂದು ಬಿಲ್ಲೆಯನ್ನು ಚೀಟಿಯಲ್ಲಿ ಸುತ್ತಿ ಮೂಲೆಯಲ್ಲಿಟ್ಟರೆ ಬತ್ತಿಗೂ ಆ ಪರಿಮಳ ಹತ್ತುತ್ತದೆ.