ದಾರವೋ, ಅಲೈನ್‌ಮೆಂಟ್ ಯಂತ್ರವೋ?

ಹಳೆಯ ಕಾರನ್ನು ಬಿಚ್ಚಿ ಮತ್ತೆ ಜೋಡಿಸುವಾಗ ಚಕ್ರಗಳ ಕೋನ ಸರಿಯಿದೆಯೇ ಎಂದು ಅಳೆಯಲು ಈ ಎರಡು ದಾರಿ. ಎರಡಕ್ಕೂ ಮೊದಲು ಸಡಿಲ ನೋಡಿ. ಜ್ಯಾಕ್ ಹಾಕಿ ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ಸಡಿಲವಿರುವುದು ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲು). ಸವೆದ ಭಾಗದ ಮೇಲೆ ತೆಗೆದ ಅಳತೆಗೆ ಬೆಲೆಯಿಲ್ಲ. ಎಂಜಿನ್, ಸೀಟು ಇಲ್ಲದ ಗಾಡಿಯೂ ಅಷ್ಟೇ: ಮೈ ಎತ್ತರಕ್ಕೆ ನಿಂತು ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿದ ಕೋನ, ಸುಳ್ಳು ಹೇಳುತ್ತದೆ.

ಟೋ, ಅಂದರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದನ್ನು ನೋಡಲು ದಾರ ಧಾರಾಳವಾಗಿ ಸಾಕು. ಎರಡೂ ಬದಿ ಹಬ್ ಮಧ್ಯದ ಎತ್ತರಕ್ಕೆ ದಾರ ಬಿಗಿದು, ರಿಮ್ಮಿನ ಮುಂದಿನ ಮತ್ತು ಹಿಂದಿನ ಅಂಚಿನಿಂದ ದಾರದವರೆಗೆ ಅಳೆಯಿರಿ. 15 ಇಂಚಿನ ರಿಮ್ಮಿನಲ್ಲಿ 1 ಮಿ.ಮೀ. ವ್ಯತ್ಯಾಸವೆಂದರೆ ಸುಮಾರು 0.15 ಡಿಗ್ರಿ. ಎಡ-ಬಲ ಚಕ್ರಗಳ ನಡುವಿನ ಅಂತರ ಮುಂದೆ ಒಂದು, ಹಿಂದೆ ಇನ್ನೊಂದು ಇರುವುದು ಸಾಮಾನ್ಯ. ಹಾಗಾಗಿ ದಾರವನ್ನು ಟೈರಿಗೆ ತಾಗಿಸಿ ಕಟ್ಟಿದರೆ ಅದು ಓರೆಯಾಗಿ ಕೆಲಸ ಕೆಟ್ಟಿತು. ಚಕ್ರ ನೆಲಕ್ಕೆ ಕಚ್ಚದೆ ಜಾರುವಂತೆ, ಅದರಡಿ ನಡುವೆ ಗ್ರೀಸ್ ಸವರಿದ ಎರಡು ಪ್ಲಾಸ್ಟಿಕ್ ಹಾಳೆ ಇಡಿ.

ಯಂತ್ರ ಗೆಲ್ಲುವುದು ಬಾಗಿದ ಭಾಗ ಹುಡುಕುವಾಗ. ಕ್ಯಾಂಬರ್ ಜತೆಗೆ ಕಿಂಗ್‌ಪಿನ್ ಓರೆಯನ್ನೂ ಅದು ತೋರಿಸುತ್ತದೆ. ಎರಡನ್ನೂ ಕೂಡಿದ ಮೊತ್ತ ಎಡಬಲಗಳಲ್ಲಿ ಬೇರೆಯಾದರೆ ಸ್ಟಬ್ ಆಕ್ಸಲ್ (ಚಕ್ರ ಕೂರುವ ಗಿಡ್ಡ ಅಚ್ಚು) ಬಾಗಿರುವ ಸಂಶಯ. ಮೊತ್ತ ಸರಿಯಿದ್ದು ಬಿಡಿ ಅಂಕಿಗಳು ತಪ್ಪಿದ್ದರೆ ಚಕ್ರವನ್ನು ಗಾಡಿಗೆ ಜೋಡಿಸುವ ಆರ್ಮ್ ಅಥವಾ ಅದನ್ನು ಹೊತ್ತ ಅಡ್ಡ ತೊಲೆ ಕ್ರಾಸ್‌ಮೆಂಬರ್ ನೋಡಿ. ಆದರೆ ಹಳೆಯ ಮಾಡೆಲ್ ಗಾಡಿಯ ಅಂಕಿಗಳು ಯಂತ್ರದ ಪಟ್ಟಿಯಲ್ಲಿ ಇರದಿರಬಹುದು. ವರ್ಕ್‌ಶಾಪ್ ಮ್ಯಾನ್ಯುಯಲ್ ಅಂಕಿಗಳನ್ನು ನೀವೇ ಕೊಂಡೊಯ್ಯಿರಿ, ಪರದೆಯಲ್ಲಿ ‘ಸರಿಯಿದೆ’ ಎನ್ನುವ ಹಸಿರು ಬಣ್ಣ ನಂಬಬೇಡಿ.

ಜೋಡಣೆ ನಡೆದಿರುವಾಗ ದಾರ. ಅಪಘಾತದ ಶಂಕೆಯಿದ್ದರೆ, ಆರ್ಮ್‌ಗಳ ರಬ್ಬರ್ ಬುಶ್ ಬೋಲ್ಟುಗಳನ್ನು ಗಾಡಿ ನೆಲದ ಮೇಲೆ ನಿಂತ ಎತ್ತರದಲ್ಲೇ ಬಿಗಿದ ಬಳಿಕ, ಯಂತ್ರ.