ಕಿವಿ ನವೆಯುವವರಿಗೆ ಯಾವ ಇಯರ್‌ಫೋನ್? ಸಿಲಿಕೋನ್, ಫೋಮ್, ಅಚ್ಚಿನ ಟಿಪ್, ಬೋನ್ ಕಂಡಕ್ಷನ್ ಎಲ್ಲ ಹಾಕಿ ನೋಡಿದ ಮೇಲೆ

ಇಯರ್‌ಫೋನ್ ಹಾಕಿದರೆ ಕಿವಿಯೊಳಗೆ ನವೆ ಬರುತ್ತದೆ ಅಂತ ಯಾರಿಗಾದರೂ ಹೇಳಿ ನೋಡಿ. ಹೆಚ್ಚಿನವರು ಕೊಡುವ ಸಲಹೆ ಒಂದೇ: ಫೋಮ್ ಟಿಪ್ ಹಾಕಿ, ಮೆತ್ತಗಿರುತ್ತೆ. (ಟಿಪ್ ಅಂದರೆ ಇಯರ್‌ಫೋನ್‌ನ ತುದಿಗೆ ಸಿಕ್ಕಿಸುವ, ಕಿವಿಯೊಳಗೆ ಕೂರುವ ಪುಟ್ಟ ಟೋಪಿ.) ನನಗೂ ಅದನ್ನೇ ಹೇಳಿದ್ದರು. ನನ್ನ ಕಿವಿಗೆ ತುಂಬಾ ಕಾಟ ಕೊಟ್ಟವುಗಳಲ್ಲಿ ಆ ಫೋಮ್ ಕೂಡ ಒಂದು. ಹಾಗಂತ ಫೋಮ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನಿಮ್ಮ ಕಿವಿಗೆ ತೊಂದರೆ ಕೊಡುತ್ತಿರುವುದು ಒತ್ತಡವೋ, ತೇವವೋ, ಅಲರ್ಜಿಯೋ ಅನ್ನುವುದು ಮೊದಲು ಗೊತ್ತಾಗಬೇಕು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ತೊಂದರೆಯಾಗುತ್ತದೆ.

ರೆಕಾರ್ಡ್ ಆದ ಮಾತನ್ನು ಕೇಳಿಸಿಕೊಂಡು ಟೈಪ್ ಮಾಡುವುದು ನನ್ನ ಕೆಲಸ. ದಿನದ ಬಹುಪಾಲು ಕಿವಿಯಲ್ಲಿ ಏನಾದರೊಂದು ಇದ್ದೇ ಇರುತ್ತದೆ. ಸುಮ್ನೆ ತೆಗೆದಿಟ್ಟುಬಿಡಿ ಅನ್ನುವ ಉಪಾಯ ನನಗೆ ಒಗ್ಗುವುದಿಲ್ಲ. ಅದಕ್ಕೇ ಒಂದೊಂದಾಗಿ ಹಾಕಿ ನೋಡಿದೆ. ಒಂದು ಬದಲಿಸಿದಾಗ ಉಳಿದದ್ದನ್ನು ಹಾಗೇ ಬಿಟ್ಟೆ: ಅದೇ ಕೆಲಸ, ಹೆಚ್ಚು ಕಡಿಮೆ ಅದೇ ಹೊತ್ತು, ಅದೇ ಸೋಪು. ಕಿವಿ ಪೂರ್ತಿ ತಣ್ಣಗಾಗುವ ತನಕ ಮುಂದಿನದನ್ನು ಮುಟ್ಟಲಿಲ್ಲ. ಹೀಗೆ ಬಿಡುವು ಕೊಡದಿದ್ದರೆ ಹಿಂದಿನದರ ನವೆ ಯಾವುದು, ಈಗಿನದರ ನವೆ ಯಾವುದು ಅಂತ ಗೊತ್ತೇ ಆಗುವುದಿಲ್ಲ.

ಕಿವಿಯ ನಾಳ ದೊಡ್ಡವರಲ್ಲಿ ಸುಮಾರು 2.5 ಸೆಂಟಿಮೀಟರ್ ಉದ್ದ ಇರುತ್ತದೆ. ಹೊರಗಿನ ಮೂರನೇ ಒಂದು ಭಾಗದಲ್ಲಿ ಕೂದಲು, ಎಣ್ಣೆಯ ಗ್ರಂಥಿ, ಗುಗ್ಗೆಯ ಗ್ರಂಥಿ ಇರುತ್ತವೆ. ಅಲ್ಲಿಂದ ಒಳಗೆ ಚರ್ಮ ತೀರಾ ತೆಳು, ಅದರ ಕೆಳಗೆ ನೇರವಾಗಿ ಮೂಳೆ. ಗುಗ್ಗೆ ಕೊಳೆಯಲ್ಲ. ಅದು ಸ್ವಲ್ಪ ಆಮ್ಲೀಯವಾಗಿದ್ದು ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯದಂತೆ ತಡೆಯುತ್ತದೆ. ನಾಳದ ಚರ್ಮ ತಾನಾಗಿ ಹೊರಕ್ಕೆ ಸರಿಯುತ್ತಾ ಹಳೆ ಗುಗ್ಗೆಯನ್ನೂ ಹೊರಗೆ ತರುತ್ತದೆ. ಇದಕ್ಕೆ ಬಿರಡೆ ಹಾಕಿದ ಹಾಗೆ ಕೂರುವುದು ಇಯರ್‌ಫೋನ್. ಗಾಳಿ ಆಡುವುದಿಲ್ಲ, ಬೆವರು ಆರುವುದಿಲ್ಲ, ಗುಗ್ಗೆ ವಾಪಸ್ ಒಳಗೆ ಹೋಗುತ್ತದೆ. ಯಾವ ಟಿಪ್ ಆದರೂ ಈ ತೊಂದರೆ ಇದ್ದದ್ದೇ. ಎಷ್ಟರ ಮಟ್ಟಿಗೆ ಅನ್ನುವುದಷ್ಟೇ ಬೇರೆ.

ಮೊದಲು ಸಿಲಿಕೋನ್. ಇಯರ್‌ಫೋನ್ ಪೆಟ್ಟಿಗೆಯಲ್ಲೇ ಬರುವುದು ಸಾಮಾನ್ಯವಾಗಿ ಇದು. ಸಿಲಿಕೋನ್ ನೀರು ಹೀರುವುದಿಲ್ಲ, ತೊಳೆಯಬಹುದು, ಸಿಲಿಕೋನ್‌ಗೇ ಅಲರ್ಜಿ ಆಗುವುದು ಅಪರೂಪ. ಆದರೂ ಅದನ್ನು ಹಾಕಿಕೊಂಡ ಸಂಜೆಗಳಲ್ಲಿ ನಾಳದ ಬಾಯಿಯ ಸುತ್ತ ಕೆಂಪು ಬಳೆಯಂತೆ ಒಂದು ಗುರುತು, ಅಲ್ಲಿ ಉರಿ, ಮಾರನೇ ದಿನ ಸಣ್ಣಗೆ ಸಿಪ್ಪೆ ಏಳುವುದು. ಗುರುತು ಟಿಪ್‌ನ ಅಂಚು ಕೂತ ಜಾಗದಲ್ಲೇ ಇತ್ತು, ರಾತ್ರಿ ಕಳೆದರೆ ಉರಿ ಕಡಿಮೆಯಾಗುತ್ತಿತ್ತು. ಇದು ಒತ್ತಡದ ಲಕ್ಷಣ. ಒಂದು ಸೈಜ್ ಚಿಕ್ಕದು ಹಾಕಿದೆ, ಅದೂ ಗೋಡೆ ತೆಳುವಾಗಿರುವ ಮೆತ್ತನೆಯದು. ಬಳೆಯ ಗುರುತು ಹೋಯಿತು. ಬಾಸ್ ಸ್ವಲ್ಪ ಕಮ್ಮಿಯಾಯಿತು, ಮಾತು ಕೇಳುವುದಕ್ಕೆ ಅದರಿಂದ ನಷ್ಟವಿಲ್ಲ. ಎರಡು ಕಿವಿಯ ನಾಳ ಒಂದೇ ಅಳತೆ ಇರಬೇಕೆಂದೇನೂ ಇಲ್ಲ. ನನ್ನ ಎಡಗಿವಿಗೆ ಚಿಕ್ಕದು, ಬಲಗಿವಿಗೆ ಅದಕ್ಕಿಂತ ಒಂದು ಸೈಜ್ ದೊಡ್ಡದು ಸರಿಹೋಗುತ್ತದೆ. ನನಗೆ ಇಷ್ಟು ಚಿಕ್ಕ ಬದಲಾವಣೆಯಿಂದ ಸಿಕ್ಕಷ್ಟು ಆರಾಮ ಟಿಪ್‌ನ ವಸ್ತು ಬದಲಿಸಿದ್ದರಿಂದ ಸಿಗಲಿಲ್ಲ.

ಸಿಲಿಕೋನ್‌ನಲ್ಲೇ ಎರಡು, ಮೂರು ಪದರದ ಉದ್ದನೆಯ ಟಿಪ್‌ಗಳೂ ಇವೆ. ಹೊರಗಿನ ಸದ್ದನ್ನು ಚೆನ್ನಾಗಿ ತಡೆಯುತ್ತವೆ. ಆದರೆ ಅವು ಒಳಗಿನ ತೆಳು ಚರ್ಮದ ಕಡೆಗೆ ಹೋಗುತ್ತವೆ. ಹಾಕಿದ ಕೂಡಲೇ ನನಗೆ ಕೆಮ್ಮು ಬರುತ್ತಿತ್ತು. ಕಿವಿ ನಾಳದ ಚರ್ಮಕ್ಕೆ ವೇಗಸ್ ನರದ ಒಂದು ಕವಲು ಬರುತ್ತದೆ, ಅದಕ್ಕೆ ತಾಗಿದರೆ ಕೆಲವರಿಗೆ ಹೀಗಾಗುತ್ತದೆ. ನವೆಯಿರುವ ಕಿವಿಗೆ ಈ ಉದ್ದನೆಯವು ಬೇಡವೇ ಬೇಡ.

ತೊಳೆಯುವ ವಿಷಯದಲ್ಲಿ ಸಿಲಿಕೋನ್‌ಗೆ ಸಾಟಿ ಇಲ್ಲ. ಟಿಪ್ ಬಿಚ್ಚಿ ವಾಸನೆ ಇಲ್ಲದ ಸೋಪಿನಲ್ಲಿ ತೊಳೆದು, ಸೋಪು ಪೂರ್ತಿ ಹೋಗುವಂತೆ ಜಾಲಿಸಿ, ಒಣಗಿಸಿದರೆ ಆಯಿತು. ಜಾಲಿಸುವುದು ಮುಖ್ಯ, ಉಳಿದ ಸೋಪೇ ಚರ್ಮಕ್ಕೆ ಉರಿ ತರುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿದರೂ ಅದು ಆರುವ ಮುಂಚೆ ಕಿವಿಗೆ ಹಾಕಬಾರದು.

ಈಗ ಫೋಮ್. ಇದು ಪಾಲಿಯುರೆಥೇನ್ ಎಂಬ ಸ್ಪಂಜಿನಂಥ ವಸ್ತು. ಬೆರಳಲ್ಲಿ ಅದುಮಿ ಒಳಗಿಟ್ಟರೆ ನಿಧಾನಕ್ಕೆ ಅರಳಿ ಕಿವಿಯ ಆಕಾರಕ್ಕೆ ಕೂರುತ್ತದೆ. ಒತ್ತಡ ಒಂದೇ ಅಂಚಿನ ಮೇಲೆ ಬೀಳದೆ ಹರಡಿಕೊಳ್ಳುವುದರಿಂದ ಬಳೆಯ ಗುರುತು ಬೀಳಲೇ ಇಲ್ಲ. ಹೊರಗಿನ ಗಲಾಟೆಯನ್ನು ನಾನು ಹಾಕಿ ನೋಡಿದ ಎಲ್ಲಕ್ಕಿಂತ ಚೆನ್ನಾಗಿ ತಡೆದದ್ದು ಇದೇ. ಇದು ಸಣ್ಣ ಲಾಭವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಹೀಗಿದೆ: 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ. ಹೊರಗಿನ ಸದ್ದು ಕಮ್ಮಿಯಾದರೆ ವಾಲ್ಯೂಮ್ ಏರಿಸಬೇಕಿಲ್ಲ, ಹಾಗಾಗಿ ಗಲಾಟೆಯಲ್ಲಿ ಕೂತು ಕೇಳುವವರಿಗೆ ಫೋಮ್‌ನಿಂದ ಅಷ್ಟು ಡೆಸಿಬೆಲ್ ಉಳಿಯಬಹುದು.

ಆದರೆ ಫೋಮ್ ಬೆವರನ್ನೂ ಎಣ್ಣೆಯನ್ನೂ ಹೀರಿಕೊಳ್ಳುತ್ತದೆ, ಶಾಖವನ್ನೂ ಹಿಡಿದಿಡುತ್ತದೆ. ಗಂಟೆಗಟ್ಟಲೆ ಹಾಕಿದ ಮೇಲೆ ತೆಗೆದರೆ ಕಿವಿಯೊಳಗೆ ಒದ್ದೆ ಒದ್ದೆ. ನವೆ ಹೊರಗಿನ ಅಂಚಿನಲ್ಲಲ್ಲ, ಬೆರಳು ಮುಟ್ಟದ ಜಾಗದಲ್ಲಿ. ಕೆಲವು ವಾರ ಕಳೆದಾಗ ಫೋಮ್ ಗಟ್ಟಿಯಾಗಿ ಹೊಳೆಯತೊಡಗಿತು, ಒಂಥರಾ ವಾಸನೆ ಬಂತು. ಇಎನ್‌ಟಿ ಡಾಕ್ಟರು ನೋಡಿ, ಸೋಂಕಿಲ್ಲ, ಚರ್ಮ ನೆನೆದು ಮೆತ್ತಗಾಗಿದೆ, ಹೀಗೇ ಬಿಟ್ಟರೆ ಸೋಂಕು ಬರುತ್ತೆ ಅಂದರು. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ, ಆಸ್ಪರ್‌ಜಿಲಸ್ ಎಂಬ ಬೂಷ್ಟು ಎರಡಕ್ಕೂ ಇಂಥ ತೇವ ಇಷ್ಟ. ಸಿಲಿಕೋನ್‌ನಂತೆ ಫೋಮನ್ನು ತೊಳೆದು ಶುದ್ಧ ಮಾಡಲು ಆಗುವುದಿಲ್ಲ. ಆಗಾಗ ಬಿಸಾಡಿ ಹೊಸದು ಹಾಕಬೇಕು. ಒಂದೆರಡು ಗಂಟೆಯ ಬಳಕೆಗೆ, ಕಿವಿ ಒಣಗಿರುವವರಿಗೆ, ಒತ್ತಡದಿಂದಲೇ ನೋವಾಗುವವರಿಗೆ ಫೋಮ್ ಒಳ್ಳೆಯ ಆಯ್ಕೆ. ಇಡೀ ದಿನದ ಕೆಲಸಕ್ಕೆ, ಬೆವರುವ ಕಿವಿಗೆ, ನಾನಂತೂ ಹೇಳುವುದಿಲ್ಲ.

ಟಿಪಿಇ ಅನ್ನುವ ರಬ್ಬರಿನಂಥ ಪ್ಲಾಸ್ಟಿಕ್‌ನ, ಸ್ವಲ್ಪ ಅಂಟು ಅಂಟಾದ ಟಿಪ್‌ಗಳನ್ನೂ ಹಾಕಿ ನೋಡಿದೆ. ಜಾರುವುದಿಲ್ಲ ಅನ್ನುವುದು ಬಿಟ್ಟರೆ ಚರ್ಮದ ಮಟ್ಟಿಗೆ ಸಿಲಿಕೋನ್‌ಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ.

ನಾನು ಬಹಳ ಆಸೆ ಇಟ್ಟುಕೊಂಡದ್ದು ಕಿವಿಯ ಅಚ್ಚು ತೆಗೆಸಿ ಮಾಡಿಸಿದ ಇಯರ್‌ಫೋನ್ ಮೇಲೆ. ಗಟ್ಟಿ ಅಕ್ರಿಲಿಕ್‌ನದು. ಕೂರುವುದು ಅದ್ಭುತವಾಗಿ ಕೂರುತ್ತಿತ್ತು, ಎಲ್ಲೂ ಒತ್ತುತ್ತಿರಲಿಲ್ಲ, ಮಾತು ಎಷ್ಟು ಸ್ಪಷ್ಟ ಅಂದರೆ ಉಸಿರು ಎಳೆದುಕೊಂಡದ್ದೂ ಕೇಳುತ್ತಿತ್ತು. ಕೆಲವು ವಾರ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಹೊರಕಿವಿಯ ಗುಳಿಯಲ್ಲಿ ನವೆ ಶುರುವಾಯಿತು. ಈ ನವೆಯ ರೀತಿಯೇ ಬೇರೆ. ಹಾಕಿದ ದಿನ ಏನೂ ಇಲ್ಲ. ಮಾರನೇ ದಿನ ಕೆಂಪಾಗಿ, ಊದಿ, ಸಣ್ಣ ನೀರುಗುಳ್ಳೆ. ಇಯರ್‌ಫೋನ್ ತೆಗೆದಿಟ್ಟರೂ ದಿನಗಟ್ಟಲೆ ಹೋಗಲಿಲ್ಲ. ಕೆಂಪು ಎಲ್ಲಿಂದ ಎಲ್ಲಿಯವರೆಗೆ ಅಂದರೆ ಆ ಅಕ್ರಿಲಿಕ್ ತಾಗಿದ ಜಾಗ ಪೂರ್ತಿ, ಅದರಾಚೆ ಇಲ್ಲ.

ಇದು ಅಲರ್ಜಿಯ ನಡೆ. ಚರ್ಮದ ಸಂಪರ್ಕದ ಅಲರ್ಜಿ ಸಾಮಾನ್ಯವಾಗಿ ಒಂದರಿಂದ ಮೂರು ದಿನ ತಡವಾಗಿ ಕಾಣಿಸುತ್ತದೆ. ಮೊದಲ ಸಲವೇ ಬರಬೇಕೆಂದಿಲ್ಲ, ದೇಹ ಆ ವಸ್ತುವನ್ನು ಗುರುತಿಟ್ಟುಕೊಂಡ ಮೇಲೆ ಬರುತ್ತದೆ. ಅಕ್ರಿಲಿಕ್ ತಯಾರಾಗುವುದು ಮೆಥಾಕ್ರಿಲೇಟ್ ಎಂಬ ರಾಸಾಯನಿಕದಿಂದ. ಪೂರ್ತಿ ಗಟ್ಟಿಯಾದ ಅಕ್ರಿಲಿಕ್ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಸರಿಯಾಗಿ ಗಟ್ಟಿಯಾಗದೆ ಒಂದಿಷ್ಟು ಹಾಗೇ ಉಳಿದಿದ್ದರೆ ಅದು ಚರ್ಮಕ್ಕೆ ಇಳಿಯುತ್ತದೆ. ಇದೇ ಕುಟುಂಬದ ರಾಸಾಯನಿಕಗಳು ಜೆಲ್ ನೇಲ್ ಪಾಲಿಶ್‌ನಲ್ಲಿ, ಹಲ್ಲಿಗೆ ತುಂಬುವ ವಸ್ತುಗಳಲ್ಲಿ, ಕೆಲವು ಅಂಟುಗಳಲ್ಲಿ ಇರುತ್ತವೆ. ಅಂಟು ಅಂದಮೇಲೆ, ಮಾಮೂಲಿ ಇಯರ್‌ಬಡ್‌ನ ಭಾಗಗಳನ್ನು ಕೂಡಿಸುವುದಕ್ಕೂ ಅದು ಬಳಕೆಯಾಗಬಹುದು. ಟಿಪ್ ಸಿಲಿಕೋನ್‌ನದೇ ಆಗಿದ್ದು ಹೊರಕಿವಿಯಲ್ಲಿ ಗುಳ್ಳೆ ಏಳುವವರು ಈ ಕಡೆ ಯೋಚಿಸಬೇಕು.

ಚರ್ಮದ ಡಾಕ್ಟರು ಪ್ಯಾಚ್ ಟೆಸ್ಟ್ ಮಾಡಿದರು. ಬೆನ್ನಿಗೆ ಪುಟ್ಟ ಪಟ್ಟಿಗಳನ್ನು ಅಂಟಿಸಿ 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ನನಗೆ ಮೆಥಾಕ್ರಿಲೇಟ್‌ನ ಜಾಗ ಕೆಂಪಾಗಿ ಉಬ್ಬಿತು. ಅಲ್ಲಿಗೆ ಅಕ್ರಿಲಿಕ್ ಮುಗಿಯಿತು. ಹಲ್ಲಿನ ಡಾಕ್ಟರಿಗೂ ಇದನ್ನು ಹೇಳಿಡಬೇಕು ಅಂತ ಅವರು ಒತ್ತಿ ಹೇಳಿದರು. ಅಚ್ಚಿನ ಟಿಪ್ ಬೇಕೇ ಬೇಕು ಅನ್ನುವವರಿಗೆ ಮೆತ್ತನೆ ಸಿಲಿಕೋನ್‌ನದೂ ಸಿಗುತ್ತದೆ. ಆದರೆ ಅದೂ ನಾಳವನ್ನು ಗಾಳಿಯಾಡದಂತೆ ಮುಚ್ಚುತ್ತದೆ, ತೇವದ ತೊಂದರೆ ಇದ್ದವರಿಗೆ ಅದರಿಂದ ಉಪಯೋಗವಿಲ್ಲ.

ಲೋಹದ ಮೈಯ ಇಯರ್‌ಫೋನ್ ಇದ್ದರೆ ನಿಕಲ್ ಲೋಹದ ಅಲರ್ಜಿಯ ಬಗ್ಗೆಯೂ ಗಮನ ಇರಲಿ. ಬಿಳಿ ಲೋಹದ ಓಲೆ, ಗಡಿಯಾರದ ಬಕಲ್, ಜೀನ್ಸ್ ಗುಂಡಿ ತಾಗಿ ತುರಿಕೆ ಬರುವವರಿಗೆ ಇದು ಹೊಸ ವಿಷಯವಲ್ಲ. ಡೈಮೀಥೈಲ್‌ಗ್ಲೈಆಕ್ಸೈಮ್ ದ್ರಾವಣದ ಕಿಟ್ ಸಿಗುತ್ತದೆ, ಹತ್ತಿಯಲ್ಲಿ ಅದ್ದಿ ಲೋಹಕ್ಕೆ ಉಜ್ಜಿದಾಗ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕಲ್ ಬಿಡುತ್ತಿದೆ ಅಂತ ಅರ್ಥ.

ನಾಳದೊಳಗೆ ಹೋಗದೆ ಹೊರಕಿವಿಯಲ್ಲಿ ಕೂರುವ ಗಟ್ಟಿ ಪ್ಲಾಸ್ಟಿಕ್ ಬಡ್ ನನಗೆ ನವೆ ತರಲಿಲ್ಲ. ಬದಲಿಗೆ ಕಿವಿಯ ಮೆತ್ತೆಲುಬಿನ ಅಂಚು ನೋಯುತ್ತಿತ್ತು. ಹೊರಗಿನ ಸದ್ದೆಲ್ಲ ಒಳಗೆ ಬರುವುದರಿಂದ ವಾಲ್ಯೂಮ್ ಏರಿಸುವ ಆಸೆ ಬರುತ್ತದೆ. ಇಡೀ ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನ್‌ನಲ್ಲಿ ನಾಳ ಖಾಲಿ ಇರುತ್ತದೆ, ಅದು ಒಳ್ಳೆಯದೇ. ಸೆಕೆ ಜಾಸ್ತಿ. ಕೃತಕ ಚರ್ಮದ ದಿಂಬಿಗಿಂತ ಬಟ್ಟೆಯ ದಿಂಬು ವಾಸಿ. ಕಿವಿಯ ಹಿಂದೆ ಹೊಟ್ಟು ಏಳುವ ಚರ್ಮದವರಿಗೆ ಎರಡೂ ಕಷ್ಟವೇ.

ಬೋನ್ ಕಂಡಕ್ಷನ್ ಹೆಡ್‌ಫೋನ್ ಕಿವಿಯ ಮುಂದೆ, ಕೆನ್ನೆಯ ಮೂಳೆಯ ಮೇಲೆ ಕೂರುತ್ತದೆ. ಕಂಪನ ಮೂಳೆಯ ಮೂಲಕ ಒಳಗಿವಿಗೆ ಹೋಗುತ್ತದೆ. ನಾಳ ಪೂರ್ತಿ ತೆರೆದೇ ಇರುತ್ತದೆ. ಇದನ್ನು ಹಾಕಿದ ಕೆಲವೇ ದಿನದಲ್ಲಿ ನನ್ನ ಕಿವಿಯ ನವೆ ನಿಂತಿತು. ಅಷ್ಟು ದಿನ ನವೆಯೊಂದಿಗೇ ಕೆಲಸ ಮಾಡಿದವರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಅಂತ ಹಾಗೆ ಕಷ್ಟಪಟ್ಟವರಿಗೇ ಗೊತ್ತು, ಅಲ್ವಾ? ಕೊರತೆಗಳೂ ಇವೆ. ದಪ್ಪ ದನಿ ಬಂದರೆ ಕೆನ್ನೆ ಕಚಗುಳಿ ಇಟ್ಟಂತಾಗುತ್ತದೆ. ಕನ್ನಡಕದ ಕಡ್ಡಿಯ ಜೊತೆ ಸೇರಿ ಒತ್ತುತ್ತದೆ. ಸ, ಶ ನಡುವಿನ ವ್ಯತ್ಯಾಸ ಹಿಡಿಯಲು ಕೆಲವೊಮ್ಮೆ ಎರಡು ಸಲ ಕೇಳಬೇಕಾಗುತ್ತದೆ. ಗಲಾಟೆಯಲ್ಲಿ ಉಪಯೋಗವಿಲ್ಲ. ಕಿವಿ ತೆರೆದಿದೆ ಅಂತ ಜೋರಾಗಿ ಇಟ್ಟರೆ ಕೇಳಿಸುವ ಶಕ್ತಿಗೆ ಅಪಾಯ ತಪ್ಪುವುದಿಲ್ಲ, ಸದ್ದು ತಲುಪುವುದು ಅದೇ ಒಳಗಿವಿಗೆ.

ನಿಮ್ಮದು ಯಾವ ಥರ ಅಂತ ತಿಳಿಯಲು ನವೆಯ ಜಾಗ ಮತ್ತು ಹೊತ್ತು ನೋಡಿ. ಅಂಚಿನಲ್ಲಿ, ಅದೇ ದಿನ ಬಂದು ರಾತ್ರಿಗೆ ಇಳಿದರೆ ಸೈಜ್ ಚಿಕ್ಕದು ಮಾಡಿ. ಒಳಗೆ, ಒದ್ದೆಯೊಂದಿಗೆ ಬಂದರೆ ಫೋಮ್ ಬಿಡಿ, ನಡುನಡುವೆ ಕಿವಿಗೆ ಗಾಳಿ ಕೊಡಿ. ತಡವಾಗಿ ಬಂದು, ತಾಗಿದ ಆಕಾರದಲ್ಲೇ ನಿಂತರೆ ಪ್ಯಾಚ್ ಟೆಸ್ಟ್ ಮಾಡಿಸಿ. ಕಿವಿ ಎಳೆದರೆ ನೋವು, ಸೋರುವುದು, ಕಿವಿ ಮುಚ್ಚಿದಂತಾಗುವುದು ಇದ್ದರೆ ಟಿಪ್ ಹುಡುಕುತ್ತಾ ಕೂರಬೇಡಿ, ಎಲ್ಲವನ್ನೂ ತೆಗೆದಿಟ್ಟು ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇದ್ದವರು ಒಂದು ದಿನವೂ ತಡ ಮಾಡಬಾರದು, ಅವರಲ್ಲಿ ಈ ಸೋಂಕು ಮೂಳೆಗೆ ಇಳಿಯುವ ಅಪಾಯವಿದೆ. ನವೆ ತಡೆಯಲಾರದೆ ಹತ್ತಿ ಸುತ್ತಿದ ಕಡ್ಡಿ, ಪಿನ್ನು ಹಾಕಿ ಕೆರೆದರೆ ತೆಳು ಚರ್ಮ ಗೀರಿ ಸೋಂಕಿಗೆ ದಾರಿಯಾಗುತ್ತದೆ.

ನಾನು ಈಗ ಕೆಲಸದ ಬಹುಪಾಲು ಬೋನ್ ಕಂಡಕ್ಷನ್‌ನಲ್ಲೇ ಮಾಡುತ್ತೇನೆ. ರೆಕಾರ್ಡಿಂಗ್ ಮಸುಕಾಗಿದ್ದಾಗ, ಸುತ್ತ ಗಲಾಟೆ ಇದ್ದಾಗ ಮಾತ್ರ ತೆಳು ಸಿಲಿಕೋನ್, ಚಿಕ್ಕ ಸೈಜ್, ನಾಳದ ಬಾಯಲ್ಲೇ ನಿಲ್ಲುವಷ್ಟು. ಎರಡು ಜೊತೆ ಟಿಪ್ ಇಟ್ಟುಕೊಂಡಿದ್ದೇನೆ, ಒಂದು ಒಣಗುತ್ತಿರುವಾಗ ಇನ್ನೊಂದು. ಸ್ನಾನ ಮಾಡಿದ ಕೂಡಲೇ ಯಾವುದನ್ನೂ ಕಿವಿಗೆ ಹಾಕುವುದಿಲ್ಲ, ನೀರು ಪೂರ್ತಿ ಆರುವ ತನಕ ಕಾಯುತ್ತೇನೆ.